ತೆನೆ ಬಿಟ್ಟ ದಂಟು

“ಇಲಿ ಪಾಷಾಣ ಇಲ್ಲ, ಕಲ್ಲೇಶಪ್ಪನವರೇ. ಮಾತ್ರೆ ಡಬ್ಬಿಯಲ್ಲೂ ಇಲ್ಲ, ಹಾಲಿನ ಲೋಟದಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ.”

ಡಾಕ್ಟರ್ ಸಾವಿತ್ರಮ್ಮ ಬೆಂಗಳೂರಿನ ಲ್ಯಾಬಿನಿಂದ ಬಂದ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. ಪತ್ತೇದಾರ ಕಲ್ಲೇಶಪ್ಪ ಅದನ್ನು ಮುಟ್ಟಲಿಲ್ಲ. ಅರಸೀಕೆರೆಯ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಫ್ಯಾನು ತಿರುಗುತ್ತಿದ್ದರೂ ಅವರ ಕತ್ತಿನ ಹಿಂದೆ ಬೆವರು ಇಳಿಯಿತು.

ಕಣಕಟ್ಟೆಯ ನಂಜುಂಡಯ್ಯನವರಿಗೆ ಸೊಸೆ ಹೇಮಾಶ್ರೀಯೇ ವಿಷ ಹಾಕಿದ್ದಾಳೆ ಎಂದು ಹೋದ ಭಾನುವಾರ ಊರ ಜಗಲಿಯ ಮೇಲೆ ಕೂತು ಸಾರಿದವರು ಇದೇ ಕಲ್ಲೇಶಪ್ಪ.

“ಇನ್ನೊಂದು ಸಲ ಪರೀಕ್ಷೆ ಮಾಡಿಸಿದರೆ?”

“ಮಾಡಿಸಿ. ಇಲ್ಲದ್ದು ಎಲ್ಲಿಂದ ಬರುತ್ತೆ?”

ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ಕಲ್ಲೇಶಪ್ಪ ಸುತ್ತಮುತ್ತಲಿನ ಹಳ್ಳಿಗಳಿಗೆ ಬೇಕಾದ ಮನುಷ್ಯರಾಗಿದ್ದರು. ಕಳುವಾದ ಪಂಪ್‌ಸೆಟ್ಟಿನಿಂದ ಹಿಡಿದು ಕಾಣೆಯಾದ ಗಂಡನವರೆಗೆ ಅವರು ಹುಡುಕಿಕೊಡದ ವಸ್ತುವಿಲ್ಲ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಊರೂರಿಗೆ ಹಂಚುವುದು ಅವರ ಅಭ್ಯಾಸ. ಹಂಚಿ ಹಂಚಿ ತಮ್ಮ ಪಾಲಿಗೆ ಉಳಿಸಿಕೊಂಡಿರಲಿಲ್ಲ.

“ಹಾಗಾದರೆ ರಕ್ತ ಯಾಕೆ ನಿಲ್ಲಲಿಲ್ಲ, ಡಾಕ್ಟರೇ? ಕೊಬ್ಬರಿ ಅಟ್ಟದ ಬಾಗಿಲು ತಲೆಗೆ ತಗುಲಿತು, ಅಷ್ಟೇ. ಅಷ್ಟಕ್ಕೇ ಮಿದುಳೊಳಗೆ ರಕ್ತ ಸೋರಿ ಹಾಸನದ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾರಲ್ಲ. ನೀವೇ ಹೇಳಿದ್ದಿರಿ, ಇಲಿ ಪಾಷಾಣ ತಿಂದವರ ಹಾಗಿದೆ ಅಂತ.”

“ಹಾಗಿದೆ ಅಂದೆ. ತಿಂದಿದ್ದಾರೆ ಅನ್ನಲಿಲ್ಲ. ಆ ವ್ಯತ್ಯಾಸ ನಿಮಗೆ ಆವತ್ತು ಬೇಕಾಗಿರಲಿಲ್ಲ.”

ಕಲ್ಲೇಶಪ್ಪ ತಲೆ ತಗ್ಗಿಸಿದರು.

ಸಾವಿತ್ರಮ್ಮ ಸ್ವಲ್ಪ ಮೆತ್ತಗಾದರು. “ನೋಡಿ, ನಂಜುಂಡಯ್ಯನವರ ಹೃದಯದಲ್ಲಿರೋದು ಲೋಹದ ವಾಲ್ವು. ಅದರ ಮೇಲೆ ರಕ್ತ ಹೆಪ್ಪು ಕಟ್ಟಬಾರದು ಅಂತ ದಿನಾ ಒಂದು ಮಾತ್ರೆ. ಆ ಮಾತ್ರೆಯೂ ಇಲಿ ಪಾಷಾಣವೂ ಒಂದೇ ಕುಲದವು, ದಾಯಾದಿಗಳು. ಎರಡರ ಮೂಲವೂ ಮೇವು ಅಂದರೆ ನಂಬ್ತೀರಾ?”

“ಮೇವಾ?”

“ಅಮೆರಿಕದ ಕಡೆ ಸಿಹಿ ವಾಸನೆಯ ಒಂದು ಮೇವು ಬೆಳೀತಿದ್ರು. ಮಳೆಗೆ ಸಿಕ್ಕಿ ಬೂಸ್ಟು ಹಿಡಿದದ್ದನ್ನ ದನಗಳು ತಿಂದವು. ಆಮೇಲೆ ಕೊಂಬು ಕತ್ತರಿಸಿದರೆ ರಕ್ತ ನಿಲ್ಲಲಿಲ್ಲ, ನಿಂತಲ್ಲೇ ಸತ್ತವು. ಅದ್ಯಾಕೆ ಅಂತ ಹುಡುಕುತ್ತಾ ಹೋದವರಿಗೆ ಸಿಕ್ಕ ವಸ್ತುವಿನಿಂದಲೇ ಮೊದಲು ಇಲಿಗೆ ವಿಷ ಮಾಡಿದರು, ಆಮೇಲೆ ಮನುಷ್ಯರಿಗೆ ಔಷಧಿ.”

ದನ ಕಟ್ಟಿ ಬೆಳೆದವರು ಕಲ್ಲೇಶಪ್ಪ. ಬೂಸ್ಟು ಹುಲ್ಲಿನ ಮಾತು ಅವರಿಗೆ ಚೆನ್ನಾಗಿ ಅರ್ಥವಾಯಿತು. “ಸೊಸೆ ರಾತ್ರಿ ಹಾಲಿಗೆ ಬೆಳ್ಳುಳ್ಳಿ ಹಾಕಿ ಕೊಡ್ತಿದ್ದಳು. ಅದರಿಂದ ಏನಾದರೂ?”

“ಬೆಳ್ಳುಳ್ಳಿ, ಶುಂಠಿ ಎಲ್ಲ ರಕ್ತವನ್ನ ಒಂಚೂರು ಸಡಿಲ ಮಾಡಬಹುದು. ಈ ಮಟ್ಟಕ್ಕಲ್ಲ. ನನಗೆ ಬೇರೆ ಅನುಮಾನ. ಅವರ ಮನೇಲಿ ಸೊಪ್ಪು ತಿನ್ನೋದು ನಿಲ್ಲಿಸಿದ್ರಾ?”

ಕಲ್ಲೇಶಪ್ಪ ಚಕ್ಕನೆ ಮುಖ ಎತ್ತಿದರು. “ಸೊಪ್ಪಾ?”

“ರಕ್ತ ಹೆಪ್ಪು ಕಟ್ಟೋಕೆ ಒಂದು ವಿಟಮಿನ್ ಬೇಕು, ಕೆ ಅಂತ. ಅದು ತುಂಬಿರೋದು ಹಸಿರು ಸೊಪ್ಪಿನಲ್ಲಿ. ದಂಟು, ನುಗ್ಗೆ, ಕೀರೆ ಯಾವುದಾದರೂ ಸರಿ. ಮಾತ್ರೆ ಒಂದು ಕಡೆ ಎಳೆಯುತ್ತೆ, ಸೊಪ್ಪು ಇನ್ನೊಂದು ಕಡೆ ಎಳೆಯುತ್ತೆ. ನಂಜುಂಡಯ್ಯ ದಿನಾ ಬಸ್ಸಾರು ಮುದ್ದೆ ಉಣ್ಣುವವರು. ಅವರಿಗೆ ತಕ್ಕ ಹಾಗೆ ನಾನು ಮಾತ್ರೆ ಜಾಸ್ತಿ ಇಟ್ಟಿದ್ದೆ. ಈಗ ಸೊಪ್ಪು ಪೂರ್ತಿ ನಿಂತರೆ ಮಾತ್ರೆಯ ಕೈಯೇ ಮೇಲಾಗುತ್ತೆ. ಅದೇ ಮಾತ್ರೆ, ಅಷ್ಟೇ ಮಾತ್ರೆ, ವಿಷದ ಹಾಗೆ ಕೆಲಸ ಮಾಡುತ್ತೆ.”

“ಇದನ್ನ ಮನೆಯವರಿಗೆ ಹೇಳಿರಲಿಲ್ಲವಾ?”

“ಮಾತ್ರೆ ಶುರುಮಾಡಿದ ದಿನವೇ ಜೊತೆಗೆ ಬಂದವರನ್ನ ಕೂರಿಸಿ ಹೇಳಿದೆ. ಸೊಪ್ಪು ಹೆಚ್ಚು ಮಾಡಬೇಡಿ, ನಿಲ್ಲಿಸಬೇಡಿ, ಈಗ ಹೇಗಿದೆಯೋ ಹಾಗೇ ಇರಲಿ ಅಂತ. ನನ್ನ ಎದುರಿಗೇ ಬಾಯಿಪಾಠ ಒಪ್ಪಿಸಿ ಹೋದರು. ಮೊದಲು ಇಲ್ಲಿಗೆ ಎತ್ತಿಕೊಂಡು ಬಂದ ದಿನ ಕೇಳಿದೆ, ಏನಾದರೂ ಹೊಸದು ತಿಂದಿದ್ದಾರಾ ಅಂತ. ಇಲ್ಲ ಅಂದ್ರು.”

ಕಲ್ಲೇಶಪ್ಪನವರಿಗೂ ಅದೇ ಉತ್ತರ ಸಿಕ್ಕಿತ್ತು, ಯಾಕೆಂದರೆ ಅವರು ಕೇಳಿದ್ದೂ ಅದೇ ಪ್ರಶ್ನೆ.

ಆದರೆ ಈಗ ಅವರ ಕಣ್ಣ ಮುಂದೆ ನಿಂತದ್ದು ನಂಜುಂಡಯ್ಯನವರ ಹಿತ್ತಲು. ಆ ಹಿತ್ತಲಲ್ಲಿ ದಂಟಿನ ಮಡಿ ಯಾರೂ ಕೊಯ್ಯದೆ ಆಳೆತ್ತರ ಬೆಳೆದು, ಕೆಂಪು ತೆನೆ ಬಿಟ್ಟು, ಬೀಜ ಉದುರಿಸುತ್ತಿತ್ತು. ಅವರು ಅದನ್ನು ನೋಡಿದ್ದರು. ನೋಡಿದ್ದಷ್ಟೇ ಅಲ್ಲ, ಜಗಲಿಯ ಮೇಲೆ ಅದನ್ನೇ ಸಾಕ್ಷಿಯಾಗಿ ಎತ್ತಿ ಹಿಡಿದಿದ್ದರು. ‘ಹಿತ್ತಲ ಸೊಪ್ಪು ಕೊಯ್ದು ಮಾವನಿಗೆ ಬೇಯಿಸಿ ಹಾಕುವ ಮನಸ್ಸಿಲ್ಲದ ಸೊಸೆ ಮಾತ್ರೆ ಮಾತ್ರ ನಿಷ್ಠೆಯಿಂದ ಕೊಡ್ತಾಳಾ?’ ಎಂದು ಕೇಳಿದ್ದರು. ಜಗಲಿಯಲ್ಲಿ ಕೂತವರು ತಲೆದೂಗಿದ್ದರು.

ಆಗ ಆ ಹುಡುಗಿ ಸೆರಗು ಬಿಗಿಹಿಡಿದು ಹೇಳಿದ್ದಳು, “ಸಾರ್, ಸೊಪ್ಪಿನ ವಿಚಾರ ಒಂದ್ ಮಾತು ಹೇಳ್ಬೇಕು.”

“ಸೊಪ್ಪಿನ ಮಾತು ಆಮೇಲೆ ತಾಯಿ. ಮೊದಲು ಮಾತ್ರೆಯ ಮಾತು ಹೇಳು,” ಎಂದಿದ್ದರು ಕಲ್ಲೇಶಪ್ಪ. ಜನ ನಕ್ಕಿದ್ದರು. ಆ ‘ಆಮೇಲೆ’ ಬರಲೇ ಇಲ್ಲ. ಸಂಜೆಯ ಹೊತ್ತಿಗೆ ತವರಿನವರು ಟೆಂಪೋ ತಂದು ಅವಳನ್ನು ಹಗರೆಗೆ ಕರೆದುಕೊಂಡು ಹೋದರು. ಅವಳು ಟೆಂಪೋ ಹತ್ತುವಾಗ ಊರಿನ ಒಂದು ಹೆಂಗಸೂ ಹೋಗಿ ಬಾ ಎನ್ನಲಿಲ್ಲ.

ಅಂಥ ಮಾತು ಆಡಿದ ತಮ್ಮ ನಾಲಗೆಯ ಬಗ್ಗೆ ಕಲ್ಲೇಶಪ್ಪನವರಿಗೆ ಅಸಹ್ಯವಾಯಿತು. ನೆಲ ಬಗೆದು ಒಳಗೆ ಹೋಗುವಂತಾಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವರಿಗೆ ಗೊತ್ತಾದದ್ದು ಆಗಲೇ. ನಾಳೆ ಬೆಳಿಗ್ಗೆ ನಂಜುಂಡಯ್ಯನವರ ಮಗ ಉಮೇಶ್ ತನ್ನ ಹೆಂಡತಿಯ ಮೇಲೆ ಠಾಣೆಯಲ್ಲಿ ದೂರು ಕೊಡುವವನಿದ್ದ. ದೂರಿಗೆ ಆಧಾರ ಕಲ್ಲೇಶಪ್ಪನವರ ಮಾತು. ಒಮ್ಮೆ ಒಳಗೆ ಹೋದ ಹೆಣ್ಣು ನಾಳೆ ನಿರಪರಾಧಿ ಎಂದು ಹೊರಗೆ ಬಂದರೂ ಊರಿನ ಬಾಯಲ್ಲಿ ಒಳಗೇ ಇರುತ್ತಾಳೆ.

“ಈ ವರದಿ ಇನ್ನು ಯಾರಿಗೆ ಗೊತ್ತು?” ಎಂದರು ಏಳುತ್ತಾ.

“ಉಮೇಶ್ ನಿನ್ನೆ ಸಂಜೆ ಫೋನ್ ಮಾಡಿ ಕೇಳಿದ್ರು. ಪಾಷಾಣ ಇಲ್ಲ ಅಂದೆ. ಮಗನಲ್ಲವೇ, ಹೇಳದೆ ಹೇಗಿರಲಿ.”

ಒಳ್ಳೆಯದೇ ಆಯಿತು ಎಂದುಕೊಂಡು ಕಲ್ಲೇಶಪ್ಪ ತಮ್ಮ ಹಳೆಯ ಬಜಾಜ್ ಸ್ಕೂಟರನ್ನು ಒದ್ದು ಕಣಕಟ್ಟೆಯ ದಾರಿ ಹಿಡಿದರು.

*

ನಂಜುಂಡಯ್ಯನವರ ಹೆಂಡತಿ ಶಿವಗಂಗಮ್ಮ ಹಿತ್ತಲಲ್ಲಿ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೂತ ಜಾಗದ ಎದುರಿಗೇ ದಂಟಿನ ಮಡಿ. ಗುಬ್ಬಚ್ಚಿಗಳು ತೆನೆಯ ಮೇಲೆ ಕೂತು ಜೋಕಾಲಿಯಾಡುತ್ತಿದ್ದವು.

ಹೋದ ವಾರ ಎದ್ದು ನಿಂತು ಕಾಫಿ ಕೊಟ್ಟಿದ್ದ ಹೆಂಗಸು ಇವತ್ತು ತಲೆ ಎತ್ತಲಿಲ್ಲ. ಕಲ್ಲೇಶಪ್ಪ ಒಗೆಯುವ ಕಲ್ಲಿನ ಮೇಲೆ ತಾವೇ ಕೂತರು.

“ಅಮ್ಮಾ, ಈ ದಂಟನ್ನ ಯಾಕೆ ಯಾರೂ ಕೊಯ್ದಿಲ್ಲ?”

“ಯಾರ್ ತಿಂತಾರೆ ಅಂತ ಕೊಯ್ಯದು.”

“ಬಸ್ಸಾರು ಇಲ್ಲದಿದ್ದರೆ ಯಜಮಾನರು ತಟ್ಟೆ ಮುಂದೆ ಕೂರೋದೇ ಇಲ್ಲ ಅಂತ ಊರೆಲ್ಲ ಹೇಳುತ್ತೆ.”

“ಕೂರ್ತಿರ್ಲಿಲ್ಲ, ನಿಜ. ಈಗ ಬುಟ್ಟವ್ರೆ.”

“ಯಾವಾಗ ಬಿಟ್ಟದ್ದು?”

“ಕಾಶೀಲಿ.”

ಕಲ್ಲೇಶಪ್ಪ ಕಣ್ಣು ಮುಚ್ಚಿಕೊಂಡರು. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ, ತಿನ್ನುವ ಒಂದು ಪದಾರ್ಥವನ್ನು ಅಲ್ಲೇ ಬಿಟ್ಟು ಬರುತ್ತಾರೆ. ಬಿಟ್ಟದ್ದನ್ನು ಬದುಕಿರುವವರೆಗೂ ಮುಟ್ಟುವಂತಿಲ್ಲ. ಇದು ಗೊತ್ತಿಲ್ಲದ ಮನೆ ಈ ಸೀಮೆಯಲ್ಲಿ ಇಲ್ಲ. ಅವರ ಸ್ವಂತ ತಾಯಿ ಕಾಶಿಯಲ್ಲಿ ಪಡವಲಕಾಯಿ ಬಿಟ್ಟು ಬಂದಿದ್ದರು. ಈ ದಂಪತಿ ತಿಂಗಳ ಹಿಂದೆ ಕಾಶಿಯಿಂದ ಬಂದು ಗಂಗಾಪೂಜೆ ಮಾಡಿದಾಗ ಕಲ್ಲೇಶಪ್ಪನವರೇ ಬಂದು ಹೋಳಿಗೆ ಉಂಡು ಹೋಗಿದ್ದರು. ಉಂಡವರು ಏನು ಬಿಟ್ಟಿರಿ ಎಂದು ಕೇಳಿರಲಿಲ್ಲ.

“ಇದನ್ನ ಹೋದ ವಾರ ಯಾಕೆ ಹೇಳಲಿಲ್ಲ ತಾಯಿ?”

“ನೀವು ಏನ್ ತಿಂದ್ರು ಅಂತ ಕೇಳುದ್ರಿ. ಡಾಕ್ಟ್ರಮ್ಮನೂ ಅದನ್ನೇ ಕೇಳುದ್ಲು. ಏನ್ ಬುಟ್ರು ಅಂತ ಯಾರ್ ಕೇಳುದ್ರಿ? ದೇವ್ರಿಗೆ ಬುಟ್ಟಿದ್ದು ಔಷ್ದಿ ಲೆಕ್ಕಕ್ಕೆ ಬತ್ತದೆ ಅಂತ ನಮಗ್ ಹೆಂಗ್ ಗೊತ್ತಾಗ್ಬೇಕು?”

ಕಲ್ಲೇಶಪ್ಪ ಡಾಕ್ಟರು ಹೇಳಿದ್ದನ್ನೆಲ್ಲ, ಮಾತ್ರೆ ಸೊಪ್ಪು ಎರಡೂ ಜೋಡೆತ್ತಿನ ಹಾಗೆ ಸಮ ಎಳೆಯಬೇಕು ಎಂಬುದನ್ನು, ಬಿಡಿಸಿ ಹೇಳಿದರು. ಶಿವಗಂಗಮ್ಮನ ಕೈ ನಿಧಾನವಾಯಿತು. ಕೊನೆಗೆ ಹುಣಸೆಹಣ್ಣು ಬೆರಳಿಗೆ ಅಂಟಿಕೊಂಡಂತೆಯೇ ಕೈ ನಿಂತಿತು.

“ಹಂಗಾರೆ ನನ್ ಸೊಸೆ ಏನೂ ಮಾಡಿಲ್ಲ.”

“ಏನೂ ಮಾಡಿಲ್ಲ.”

“ಅವ್ಳು ಎರಡ್ ಸಲ ಬಸ್ಸಾರು ಮಾಡಿ ತಂದಿಟ್ಲು ಕಣಪ್ಪ. ಮಾವ, ಒಂದ್ ತುತ್ತು ಉಣ್ಣಿ, ನಿಮ್ಮ ಮುಖ ಬಾಡೋಗದೆ ಅಂದ್ಲು. ಇವ್ರು ತಟ್ಟೆ ತಳ್ಳುದ್ರು. ನಾನೂ ಬೈದೆ, ದೇವ್ರಿಗೆ ಬುಟ್ಟಿದ್ದು ಮುಂದಿಡ್ತೀಯಲ್ಲ, ನಿಂಗೆ ಬುದ್ಧಿ ಐತಾ ಅಂತ. ಆಮೇಕೆ ಅವ್ಳು ಈ ಮಡಿ ಕಡೆ ತಿರುಗಿ ನೋಡ್ಲಿಲ್ಲ.”

ಶಿವಗಂಗಮ್ಮ ಬೆರಳನ್ನು ಮೊರದ ಅಂಚಿಗೆ ಒರೆಸಿ ಮತ್ತೆ ತಾವೇ ಬಾಯಿ ಬಿಟ್ಟರು. ಈ ಸಲ ಧ್ವನಿ ಕೆಳಗಿತ್ತು.

“ಇನ್ನೊಂದೈತೆ. ಅಂಗಡಿಯಿಂದ ಇಲಿ ಬಿಲ್ಲೆ ತಂದ್ಲು ಅಂತ ಅವ್ಳ ಮೇಲೆ ಹಾಕುದ್ರಲ್ಲ, ಅದನ್ನ ತರಕ್ಕೆ ಹೇಳಿದ್ದು ನಾನೇ. ಅಟ್ಟದ ಕೊಬ್ಬರೀನೆಲ್ಲ ಇಲಿ ತೂತು ಮಾಡ್ತಿದ್ದೋ. ಜಗಲೀಲಿ ನೀವು ಅದನ್ನ ಎತ್ತುದಾಗ ನಾನ್ ಎದ್ದು ಹೇಳ್ಬೇಕಿತ್ತು. ಅಷ್ಟ್ ಜನ ಕೂತಿದ್ರು. ನನ್ ಮೇಲೇ ಬಂದ್ರೆ ಅಂತ ಸುಮ್ಕೆ ಕೂತ್ಕಂಡೆ.”

ಹೇಳಿ ಮುಖದ ಮೇಲೆ ಸೆರಗು ಎಳೆದುಕೊಂಡರು. ಅಳಲಿಲ್ಲ. ಎದುರಿಗೆ ಕೂತವರ ಕಣ್ಣಿಗೆ ಬೀಳಬಾರದು ಎಂದಷ್ಟೇ ಎಳೆದುಕೊಂಡದ್ದು. ಕಲ್ಲೇಶಪ್ಪನವರಿಗೆ ಎಳೆದುಕೊಳ್ಳಲು ಸೆರಗೂ ಇರಲಿಲ್ಲ.

“ಯಜಮಾನರಿಗೆ ಸೊಪ್ಪೇ ಬಿಡಬೇಕು ಅಂತ ಯಾಕೆ ಬಂತಮ್ಮಾ? ಜನ ಬಿಡೋದು ಸಾಮಾನ್ಯವಾಗಿ ತಮಗೆ ಸೇರದ್ದನ್ನೇ ಅಲ್ಲವಾ?”

ಸೆರಗಿನ ಒಳಗಿನಿಂದ ಒಂದು ಸಣ್ಣ ನಗು ಬಂತು. “ಇವ್ರೂ ಹಾಗಲ್‌ಕಾಯಿ ಬುಡ್ತೀನಿ ಅಂತ ನೀರಿಗೆ ಇಳುದ್ರು. ಹಾಗಲ್‌ಕಾಯಿ ಕಂಡ್ರೆ ಮೊದ್ಲೇ ಓಡೋರು. ಮಗ ದಡದಲ್ಲಿ ನಿಂತಿದ್ದ. ಅಪ್ಪಾ, ಬೇಡದ್ದು ಬುಟ್ರೆ ಏನ್ ಪುಣ್ಯ, ಪ್ರಾಣಕ್ಕಿಂತ ಹೆಚ್ಚಾಗಿರದ್ ಬುಡು, ಸೊಪ್ಪು ಬುಡು ಅಂದ. ಎಲ್ರ ಮುಂದೆ ಮಗ ಅಂದ್ಮೇಲೆ ಇವ್ರಿಗೂ ರೋಸ ಬಂತು. ಬುಟ್ಟೆ ಹೋಗ್ಲಾ ಅಂದು ಮುಳುಗೇ ಬುಟ್ರು.”

“ಉಮೇಶನೂ ಕಾಶಿಗೆ ಬಂದಿದ್ದನಾ?”

“ಅವ್ನೇ ಕರ್ಕಂಡ್ ಹೋಗಿದ್ದು.”

ಬೆಳಿಗ್ಗೆಯಿಂದ ಕಲ್ಲೇಶಪ್ಪ ಒಂದು ವಿಷಯವನ್ನು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಮಾತ್ರೆ ಕೊಡುತ್ತಿದ್ದವಳು ಸೊಸೆ, ಆದ್ದರಿಂದ ಡಾಕ್ಟರ ಮುಂದೆ ಬಾಯಿಪಾಠ ಒಪ್ಪಿಸಿದವಳೂ ಸೊಸೆಯೇ ಎಂದು. ಕೇಳದೆ ತೀರ್ಮಾನ ಮಾಡುವ ಚಟ ಒಂದೇ ವಾರದಲ್ಲಿ ಬಿಟ್ಟುಹೋಗುವುದಿಲ್ಲ.

“ಅಮ್ಮಾ, ಮೊದಲ ಸಲ ಮಾತ್ರೆ ಬರೆಸಿಕೊಳ್ಳೋಕೆ ಅರಸೀಕೆರೆಗೆ ಹೋದಾಗ, ಯಜಮಾನರ ಜೊತೆ ಯಾರು ಹೋಗಿದ್ರು? ಹೇಮಾಶ್ರೀನಾ?”

“ಅವ್ಳೆಲ್ಲಿ ಹೋದಾಳು. ಆವತ್ತು ಮಂಡಿಯೋರು ಕೊಬ್ಬರಿ ಸುಲಿಸಕ್ಕೆ ಬಂದಿದ್ರು, ನಾವಿಬ್ರೂ ಮನೇಲೇ ಇದ್ವಿ. ಹೋಗಿದ್ದೋನು ಮಗ ಒಬ್ನೇ.”

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಶಿವಗಂಗಮ್ಮ ಸೆರಗು ಸರಿಸಿ ಕಲ್ಲೇಶಪ್ಪನವರ ಮುಖವನ್ನೇ ನೋಡಿದರು. ಡಾಕ್ಟರು ಹೇಳಿದ್ದು ಯಾರಿಗೆ, ದಡದಲ್ಲಿ ನಿಂತು ಸೊಪ್ಪು ಬಿಡು ಎಂದವನು ಯಾರು, ಎರಡೂ ಆ ಮುಖದಲ್ಲಿ ಒಟ್ಟಿಗೆ ಬಂದು ಕೂತವು.

“ಮರ್ತಿರ್ಬೌದು,” ಎಂದರು ಆ ತಾಯಿ.

ಕಲ್ಲೇಶಪ್ಪ ಒಗೆಯುವ ಕಲ್ಲಿನಿಂದ ಎದ್ದು ನಿಂತರು.

“ಗಂಡಸ್ರಿಗೆ ಅಡುಗೆ ಮಾತು ತಲೇಲಿ ನಿಲ್ಲಲ್ಲ ಕಣಪ್ಪ. ಮರ್ತಿರ್ತಾನೆ. ನೀವು ಮತ್ತೆ ಜಗಲಿ ಮೇಲೆ ಕೂತು ಅದ್ನ ಹೇಳ್ಬೇಡಿ. ಸೊಸೆ ಹೆಸ್ರು ಕಳ್ದಾಯ್ತು, ಇನ್ನ ಮಗನ್ ಹೆಸ್ರು.”

“ಈ ಸಲ ಕೇಳದೆ ಹೇಳಲ್ಲ ತಾಯಿ. ಉಮೇಶ ಎಲ್ಲಿ?”

“ಹೊತ್ತಾರೆನೇ ಹೊಂಟ. ಹಳೇಬೀಡಿಗೆ, ಅಂಗ್ಡಿಗೆ ಅಂದ. ಭಾನ್ವಾರ ಅಲ್ವಾ, ಟೂರಿಸ್ಟ್ ಜನ ಜಾಸ್ತಿ.”

*

ಮೊದಲು ಉಮೇಶನ ಬಳಿ ಹೋಗುವುದೋ, ಹಗರೆಗೆ ಹೋಗುವುದೋ?

ಪತ್ತೇದಾರನ ಬುದ್ಧಿ ಹಳೇಬೀಡಿಗೆ ಎಂದಿತು. ನಾಚಿಕೆ ಹಗರೆಗೆ ಎಂದಿತು. ಕಲ್ಲೇಶಪ್ಪ ನಾಚಿಕೆಯ ಮಾತು ಕೇಳಿದರು. ಆ ಹುಡುಗಿಯ ಎದುರು ನಿಂತು, ನಾನು ತಪ್ಪು ಮಾಡಿದೆ ಎಂಬ ಮಾತು ಬಾಯಿಂದ ಹೊರಗೆ ಹಾಕದೆ ಇನ್ನೊಬ್ಬರ ತಪ್ಪು ಹುಡುಕುವ ಯೋಗ್ಯತೆ ತಮಗಿಲ್ಲ ಎನ್ನಿಸಿತ್ತು.

ಜಾವಗಲ್ ದಾಟಿ ಹಳೇಬೀಡಿಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಗುಡಿಯ ಮುಂದೆ ಸಾಲಾಗಿ ಬಸ್ಸು, ಟಾಟಾ ಸುಮೋಗಳು ನಿಂತಿದ್ದವು. ಸೌತೆಕಾಯಿ ಮಾರುವವರು, ಪುಟ್ಟ ಕಲ್ಲಿನ ಆನೆ ಮಾರುವವರು ಜನರ ಬೆನ್ನು ಹತ್ತಿದ್ದರು. ಉಮೇಶನದು ಕ್ಯಾಮೆರಾ ರೋಲು, ಗುಡಿಯ ಚಿತ್ರದ ಕಾರ್ಡು, ತಂಪು ಪಾನೀಯದ ಅಂಗಡಿ. ಇಂಥ ಭಾನುವಾರಕ್ಕಾಗಿ ವಾರವಿಡೀ ಕಾಯುವ ಅಂಗಡಿ. ಅದರ ಶಟರ್ ಅರ್ಧಕ್ಕೆ ಇಳಿದಿತ್ತು, ಒಳಗೆ ಕತ್ತಲೆ.

ಕಲ್ಲೇಶಪ್ಪ ನೋಡಿದರು. ಊಟಕ್ಕೆ ಹೋಗಿರಬೇಕು ಎಂದುಕೊಂಡು ಸ್ಕೂಟರ್ ನಿಲ್ಲಿಸದೆ ಮುಂದೆ ಹೋದರು.

ದಾರಿಯುದ್ದಕ್ಕೂ ಅವರು ಹೇಳಬೇಕಾದ ಮಾತನ್ನು ಕಟ್ಟುತ್ತಾ ಬಂದರು. ತಂಗಿ ಎನ್ನುವುದೋ, ತಾಯಿ ಎನ್ನುವುದೋ. ಕಣಕಟ್ಟೆಯ ಅದೇ ಜಗಲಿಗೆ ಬಂದು ಅದೇ ಜನರ ಮುಂದೆ ಹೇಳುತ್ತೇನೆ ಎಂದು ಮೊದಲೇ ಹೇಳಿಬಿಡಬೇಕು. ಅವಳು ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಹೇಳಬೇಕು. ಯಾವ ವಾಕ್ಯವೂ ನೆಟ್ಟಗೆ ನಿಲ್ಲಲಿಲ್ಲ.

ಹಗರೆಯ ಮನೆಯ ಮುಂದೆ ಹೇಮಾಶ್ರೀಯ ತಾಯಿ ಮಾದಮ್ಮ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದರು. ಕಲ್ಲೇಶಪ್ಪ ಬೈಗುಳಕ್ಕೆ ಸಿದ್ಧರಾಗಿ ಸ್ಕೂಟರ್ ಇಳಿದರು. ಚಪ್ಪಲಿ ದೂರದಲ್ಲೇ ಬಿಟ್ಟರು.

ಮಾದಮ್ಮ ಬೈಯಲಿಲ್ಲ. ಕೈ ಒರೆಸಿಕೊಂಡು ಎದ್ದು, ಚಾಪೆ ಹಾಸಿದರು. ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು.

“ನೀವೂ ಬಂದ್ರಾ? ಬನ್ನಿ, ಕೂತ್ಕಳಿ. ದೊಡ್ಡ ಮನ್ಸು ನಿಮ್ದು. ತಪ್ಪಾಯ್ತು ಅನ್ನೋ ಗಂಡಸ್ರು ಎಷ್ಟ್ ಜನ ಅವ್ರೆ ಈ ಕಾಲ್ದಲ್ಲಿ.”

ಕಲ್ಲೇಶಪ್ಪನವರಿಗೆ ಅರ್ಥವಾಗಲಿಲ್ಲ. ಬಾಯಿಂದ ಇನ್ನೂ ಒಂದು ಮಾತೂ ಹೊರಟಿರಲಿಲ್ಲ.

“ನಾನು ಹೇಮಾಶ್ರೀನ ನೋಡಬೇಕಿತ್ತಮ್ಮಾ.”

“ಅಯ್ಯೋ, ನಿಮ್ ಹತ್ರಕ್ಕೇ ಹೋದ್ಲಲ್ಲ, ದಾರೀಲಿ ತಪ್ಪೋಯ್ತೇನೋ. ಅಳೀಮಯ್ಯ ಬೆಳಿಗ್ಗೆ ಬಂದು ಎಲ್ಲಾ ಹೇಳುದ್ರು. ಪಾಷಾಣ ಇಲ್ಲ ಅಂತ ಡಾಕ್ಟ್ರು ಹೇಳವ್ರಂತೆ. ನೀವು ಬೋ ನಾಚ್ಕೊಂಡಿದ್ದೀರಂತೆ, ಹಳೇಬೀಡಿನ ಅಂಗ್ಡೀಲಿ ಕಾಯ್ತಾ ಕೂತಿದ್ದೀರಂತೆ, ಅವ್ಳ ಮುಂದೆ ಒಂದ್ ಮಾತು ಹೇಳ್ಬೇಕಂತೆ ಅಂದ್ರು.”

“ನಾನು ಅಂದೆ ಅಂತಲಾ?”

“ಹೂಂ ಕಣಪ್ಪ. ಅಳಿಯ ಒಬ್ರೇ ಕರುದಿದ್ರೆ ಅವ್ಳು ಹೋಗ್ತಿರ್ಲಿಲ್ಲ. ಅಷ್ಟ್ ಅವಮಾನ ಮಾಡವ್ರೆ. ನಿಮ್ಮೆಸ್ರು ಹೇಳುದ್ಮೇಲೆ ಮುಖ ತೊಳ್ಕೊಂಡು ಎದ್ಲು.”

ಕಲ್ಲೇಶಪ್ಪನವರ ಕಣ್ಣಿಗೆ ಆ ಅರ್ಧ ಇಳಿದ ಶಟರ್ ಬಂತು. ಅದರ ಒಳಗಿನ ಕತ್ತಲೆ ಬಂತು.

“ಹೋಗುವಾಗ ಏನಾದರೂ ಹೇಳಿದಳಾ ತಾಯಿ?”

ಮಾದಮ್ಮ ಕ್ಯಾನಿನ ಮುಚ್ಚಳ ಒರೆಸುತ್ತಾ, ಮಗಳ ಒಳ್ಳೆಯ ಮಾತನ್ನು ನೆನೆದು ಮೆಲ್ಲಗೆ ನಕ್ಕರು.

“ಹೇಳುದ್ಲು. ಹೊಸ್ಲು ದಾಟಿ ನಿಂತು ಗಂಡನ್ನ ಕೇಳುದ್ಲು, ಈ ಸಲ ನನ್ ಸೊಪ್ಪಿನ ಮಾತು ಪೂರ್ತಿ ಕೇಳ್ತಾರಾ ಅಂತ. ಅವ್ರು ಒಂದ್ ಗಳ್ಗೆ ಸುಮ್ಕೆ ನಿಂತ್ರು. ಆಮೇಕೆ, ಕೇಳ್ತಾರೆ, ಗಾಡಿ ಹತ್ತು ಅಂದ್ರು.”